ಬ್ಯಾಲಿಮೀನ ಹತ್ತಿರ ಒಂದು ಶನಿವಾರ, ಚಾಪೆ ಮೇಲಿನ ಆಟ

ಅಕ್ಕ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನರ್ಸ್. ಫೆಬ್ರವರಿಯಲ್ಲಿ ಹೋಗಿದ್ದೆ, ಅದೇ ತಪ್ಪಾಯಿತು. ಟೈಟಾನಿಕ್ ಮ್ಯೂಸಿಯಂ ನೋಡಿದೆ, ಜೈಂಟ್ಸ್ ಕಾಸ್‌ವೇ ಕಲ್ಲುಗಳನ್ನೂ ನೋಡಿದೆ, ಎರಡು ದಿನವೂ ಮಳೆಯಲ್ಲಿ ನೆನೆದೆ. ಶನಿವಾರ ಮನೆಯಲ್ಲೇ ಬಿದ್ದಿರೋಣ ಅಂದುಕೊಂಡರೆ ಅಕ್ಕ ಬಿಡಲಿಲ್ಲ. "ನಮ್ಮ ವಾರ್ಡಿನ ಆಂಟಿ ಬೌಲ್ಸ್ ಅಂತ ಚೆಂಡು ಉರುಳಿಸೋ ಆಟ ಆಡ್ತಾರೆ, ಇವತ್ತು ಮ್ಯಾಚ್ ಇದೆ. ಬಾರೋ, ಊಟ ಚೆನ್ನಾಗಿರುತ್ತೆ" ಅಂದಳು. ಊಟ ಅಂದ ಮೇಲೆ ಮುಗೀತಲ್ವಾ.

ಎಂ2 ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟೆವು. ಬ್ಯಾಲಿಮೀನ ಬರುವಾಗ ದೂರದಲ್ಲಿ ಸ್ಲೆಮಿಶ್ ಗುಡ್ಡ ಮೋಡದಿಂದ ಅರ್ಧ ತಲೆ ಹೊರಗೆ ಹಾಕಿತ್ತು. ಸಂತ ಪ್ಯಾಟ್ರಿಕ್ ಹುಡುಗನಾಗಿದ್ದಾಗ ಅಲ್ಲಿ ಕುರಿ ಕಾದಿದ್ದನಂತೆ. ಅಲ್ಲಿಂದ ಒಳರಸ್ತೆ, ಆಮೇಲೆ ಒಂದು ಚರ್ಚ್, ಅದರ ಪಕ್ಕ ಹಾಲ್.

ಒಳಗೆ ಹೋದರೆ ನಮ್ಮ ಛತ್ರಗಳಲ್ಲಿ ಜಮಖಾನ ಹಾಸುವ ಹಾಗೆ ನಾಲ್ಕು ಜನ ಸೇರಿ ಹಸಿರು ಚಾಪೆಯ ದೊಡ್ಡ ಸುರುಳಿ ಬಿಚ್ಚುತ್ತಿದ್ದರು. 40ರಿಂದ 45 ಅಡಿ ಉದ್ದ, 6 ಅಡಿ ಅಗಲ. ಇದೇ ಮೈದಾನ! ಹೊರಗಿನ ಲಾನ್ ಬೌಲ್ಸ್‌ಗೆ ಹುಲ್ಲು, ಬಿಸಿಲು ಬೇಕು. ಇಲ್ಲಿ ಚಳಿಗಾಲದಲ್ಲಿ ಬಿಸಿಲೇ ಇರುವುದಿಲ್ಲ, ಆದರೆ ಪ್ರತಿ ಊರಲ್ಲೂ ಚರ್ಚ್ ಹಾಲ್ ಇರುತ್ತದೆ. ಅದಕ್ಕೇ ಚಾಪೆ ಮೇಲಿನ ಈ ಶಾರ್ಟ್ ಮ್ಯಾಟ್ ಬೌಲ್ಸ್ ಉತ್ತರ ಐರ್ಲೆಂಡಿನಲ್ಲಿ ಇಷ್ಟು ಬೇರು ಬಿಟ್ಟಿದೆ. ಸುತ್ತಲ ಊರುಗಳ ಕ್ಲಬ್‌ಗಳು ಸೇರಿ ಒಂದು ಸಂಘ, ಚಳಿಗಾಲವೆಲ್ಲ ಲೀಗ್, ಜತೆಗೆ ಸಿಂಗಲ್ಸ್, ಪೇರ್ಸ್, ಟ್ರಿಪಲ್ಸ್, ಫೋರ್ಸ್ ಅಂತ ಬೇರೆ ಬೇರೆ ಸ್ಪರ್ಧೆ.

ಆಟ ನಮ್ಮ ಗೋಲಿ ಗೊತ್ತಿದ್ದವರಿಗೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಆ ತುದಿಯಲ್ಲಿ ಜಾಕ್ ಅನ್ನುವ ಚಿಕ್ಕ ಚೆಂಡು. ಅದರ ಹತ್ತಿರಕ್ಕೆ ನಿಮ್ಮ ಬೌಲ್, ಅಂದರೆ ದೊಡ್ಡ ಚೆಂಡು, ಉರುಳಿಸಬೇಕು. ಎದುರಾಳಿಯ ಅತಿ ಹತ್ತಿರದ ಬೌಲ್‌ಗಿಂತ ನಿಮ್ಮ ಎಷ್ಟು ಬೌಲ್‌ಗಳು ಜಾಕ್‌ಗೆ ಹತ್ತಿರ ಇವೆಯೋ ಅಷ್ಟು ಪಾಯಿಂಟ್. ತಕರಾರು ಬಂದರೆ ಟೇಪ್ ತಂದು ಅಳೆಯುತ್ತಾರೆ, ಮಂಡಿಯೂರಿ, ಅಕ್ಕಸಾಲಿಯ ಗಂಭೀರತೆಯಲ್ಲಿ.

ಮಜಾ ಇರುವುದು ಚಾಪೆ ಮಧ್ಯದ ಮರದ ತುಂಡಿನಲ್ಲಿ. ಒಂದೂಕಾಲು ಅಡಿ ಅಗಲದ ಅಡ್ಡಗಟ್ಟೆ, ನೇರ ದಾರಿಗೇ ಅಡ್ಡ ಕೂತಿರುತ್ತದೆ. ಬೌಲ್ ಅದಕ್ಕೆ ತಗುಲಿದರೆ ಸತ್ತ ಹಾಗೆ. ಹಾಗಾಗಿ ರಟ್ಟೆ ಬಲದಿಂದ ನೇರಕ್ಕೆ ಬೀಸುವವನಿಗೆ ಇಲ್ಲಿ ಕೆಲಸ ಇಲ್ಲ. ಬೌಲ್ ಒಂದು ಕಡೆಗೆ ವಾಲುವಂತೆ ಮಾಡಿರುತ್ತಾರೆ, ಮೆಲ್ಲಗೆ ಬಿಟ್ಟರೆ ಅಡ್ಡಗಟ್ಟೆಯನ್ನು ಸುತ್ತು ಹಾಕಿಕೊಂಡು, ವೇಗ ಇಳಿದಷ್ಟೂ ಜಾಸ್ತಿ ಬಾಗಿ ಬರುತ್ತದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇಪ್ಪತ್ತರ ಹುಡುಗನನ್ನು ಹೀಗೇ ಮಣ್ಣು ಮುಕ್ಕಿಸಿದರು. ಅವನು ಪಾಪ, ನಗುತ್ತಲೇ ಕೈ ಕುಲುಕಿದ.

ಟೀ ಹೊತ್ತಿಗೆ ನನ್ನ ಕೈಗೂ ಒಂದು ಬೌಲ್ ಕೊಟ್ಟರು. ವಾಲುವ ಬದಿಯನ್ನು ಉಲ್ಟಾ ಹಿಡಿದಿದ್ದೆ ಅಂತ ಕಾಣುತ್ತದೆ, ಅದು ಸೀದಾ ಪಕ್ಕದ ಚಾಪೆಗೆ ನುಗ್ಗಿ ಇನ್ನೊಬ್ಬರ ಆಟದ ಮಧ್ಯೆ ಹೋಗಿ ಕೂತಿತು. ಇಡೀ ಹಾಲ್ ನಕ್ಕಿತು. ಒಬ್ಬ ತಾತ ಬೌಲ್ ವಾಪಸ್ ತಂದುಕೊಡುತ್ತಾ, "ನಿಮ್ಮ ಹೆಣ್ಣುಮಕ್ಕಳು ಹೀಗೆ ಆಡಿದ್ರೆ ಚಿನ್ನ ಸಿಗ್ತಿರಲಿಲ್ಲ" ಅಂದರು. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕೂಟದ ಲಾನ್ ಬೌಲ್ಸ್ ಫೋರ್ಸ್ ಫೈನಲ್! ಭಾರತದ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿದ್ದು ಈ ತಾತನಿಗೆ ನೆನಪಿದೆ. ನಾನು ಎದೆ ಉಬ್ಬಿಸುವಷ್ಟರಲ್ಲಿ ಅವರೇ ಮೆಲ್ಲಗೆ ಸೇರಿಸಿದರು, "ಗಂಡಸರ ಫೈನಲ್‌ನಲ್ಲಿ ನಿಮ್ಮವರನ್ನ ಸೋಲಿಸಿದ್ದು ಯಾರು ಗೊತ್ತಾ?" ಉತ್ತರ ಐರ್ಲೆಂಡ್, 18-5. ಬಾಯಿ ಮುಚ್ಚಿಕೊಂಡು ಟೀ ಕುಡಿದೆ.

ಊಟದ ವಿಷಯದಲ್ಲಿ ಅಕ್ಕ ಸುಳ್ಳು ಹೇಳಿರಲಿಲ್ಲ. ಮೊಟ್ಟೆ-ಈರುಳ್ಳಿ ಸ್ಯಾಂಡ್‌ವಿಚ್, ಮೇಲೆ ಫಿಫ್ಟೀನ್ಸ್ ಅನ್ನುವ ಸಿಹಿ. 15 ಬಿಸ್ಕತ್ತು, 15 ಮಾರ್ಷ್‌ಮೆಲೋ, 15 ಚೆರಿ, ಅದಕ್ಕೇ ಆ ಹೆಸರು. ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಕಲಸಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿ ಕತ್ತರಿಸುತ್ತಾರೆ. ನಾಲ್ಕು ತಿಂದೆ. ಐದೋ ಏನೋ.

ಮುಗಿದಾಗ ಕತ್ತಲಾಗಿತ್ತು. ಗೆದ್ದವರು, ಸೋತವರು ಎಲ್ಲ ಸೇರಿ ಚಾಪೆ ಸುತ್ತಿದರು, ನಾನೂ ಒಂದು ತುದಿ ಹಿಡಿದೆ. ಭಾರೀ ತೂಕ. ಬೆಳಿಗ್ಗೆ ಅದೇ ಹಾಲಿನಲ್ಲಿ ಮಕ್ಕಳ ಸಂಡೇ ಸ್ಕೂಲ್, ಅದಕ್ಕೆ ಕುರ್ಚಿ ಹಾಕಿಟ್ಟೇ ಹೊರಟರು.