ವೈಕಿಂಗರಿಗೆ ದನ ಕುರಿ ಮೇಲೆ ಪ್ರೀತಿ ಇತ್ತಾ?

ನಾನು ಐಸ್‌ಲ್ಯಾಂಡಿನ ಹಳೆಯ ಸಾಗಾಗಳನ್ನು, ಅಂದರೆ ಸಾವಿರ ವರ್ಷದ ಹಿಂದೆ ಅಲ್ಲಿ ನೆಲೆಸಿದ ವೈಕಿಂಗ್ ಜನರ ಕಥೆಗಳನ್ನು, ಓದುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಹೋದ ತಿಂಗಳು ಮದುವೆಮನೆಯ ಊಟದಲ್ಲಿ ನೆಂಟರೊಬ್ಬರು ಕೇಳಿದರು: "ಅವ್ರು ಕಡಿದು ತಿನ್ನೋ ಜನ. ಪ್ರೀತಿ ಎಲ್ಲಿಂದ ಬರ್ಬೇಕು?" ಉತ್ತರಕ್ಕೂ ಕಾಯದೆ ಸಾರು ಹಾಕಿಸಿಕೊಂಡರು. ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ತಿನ್ನುತ್ತಿದ್ದರು, ಹೌದು. ಹಾಲು, ಉಣ್ಣೆ, ಮಾಂಸ ಬಿಟ್ಟರೆ ಆ ಚಳಿಯಲ್ಲಿ ಬದುಕೋದು ಹೇಗೆ? ದನಕರುವಿಗೂ ಆಸ್ತಿಗೂ ಅವರಲ್ಲಿ ಒಂದೇ ಪದ, 'ಫೇ'. ನಮ್ಮ ಬಾಯಲ್ಲಿರುವ 'ಪಶು'ವೂ ಅದೇ ಬೇರಿನದು. ಒಂದು ಹಸುವಿಗೆ 6 ಕುರಿ ಸಮ ಅಂತ ಲೆಕ್ಕ. ಲೆಕ್ಕ ಇಟ್ಟವರಿಗೆ ಕರುಳು ಇರೋದಿಲ್ವಾ?

ಒಂದು ಸಾಗಾದ ನಾಯಕ ಗ್ರೆಟ್ಟಿರ್. ಊರಿಂದ ಹೊರಗಾಗಿ ಬೆಟ್ಟ ಸೇರಿದ ಅವನು ಒಂದು ಕುರಿಮರಿಯನ್ನು ಕೊಂದು ತಿನ್ನುತ್ತಾನೆ. ಅದರ ತಾಯಿ ಮೋಕೊಲ್ಲಾ ರಾತ್ರಿ ರಾತ್ರಿ ಅವನ ಗುಡಿಸಲಿನ ಹತ್ತಿರ ಬಂದು ಅರಚುತ್ತದೆ. ಅವನಿಗೆ ನಿದ್ದೆ ಇಲ್ಲ. ಯಾಕಾದರೂ ಕೊಂದೆನೋ ಅಂತ ಕೊರಗುತ್ತಾನೆ. ದೆವ್ವದ ಜೊತೆ ಗುದ್ದಾಡಿದ ಗಟ್ಟಿ ಆಳು ಅವನು!

ಆದರೆ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಂಥ ಕುರಿಗಳನ್ನು ಕಾಯುತ್ತಿದ್ದವನ ಗತಿ ಏನು?

ಇನ್ನೊಂದು ಸಾಗಾದಲ್ಲಿ ಹ್ರಾಫ್ನ್‌ಕೆಲ್ ಎಂಬ ಸಾಹುಕಾರನಿಗೆ ಫ್ರೇಫಾಕ್ಸಿ ಎಂಬ ಕುದುರೆ ಇತ್ತು. ಅದರಲ್ಲಿ ಅರ್ಧ ಪಾಲು ಫ್ರೇ ದೇವರದು. ಅದನ್ನು ಹತ್ತಿದವನನ್ನು ಕೊಲ್ಲುತ್ತೇನೆ ಅಂತ ಅವನ ಆಣೆ. ಕುರಿ ಕಾಯಲು ಐನಾರ್ ಎಂಬ ಬಡವರ ಹುಡುಗ ಬಂದ. ಒಂದು ದಿನ 30 ಕುರಿ ಕಾಣಲಿಲ್ಲ. ಹುಡುಕಲು ಹೋಗೋಣ ಅಂದರೆ ಬೇರೆ ಕುದುರೆಗಳೆಲ್ಲ ಅವನನ್ನು ಕಂಡು ಓಡಿದವು. ಫ್ರೇಫಾಕ್ಸಿ ಮಾತ್ರ ನೆಟ್ಟ ಹಾಗೆ ನಿಂತಿತ್ತು. ಹತ್ತಿದ. ಬೆಳಗ್ಗೆಯಿಂದ ಸಂಜೆಯವರೆಗೆ ಅಲೆದು ಕುರಿಗಳನ್ನು ಹುಡುಕಿ ತಂದ. ಕುದುರೆ ಬೆವರು, ಕೆಸರು ಮೆತ್ತಿಕೊಂಡು ಒಂದೇ ಓಟಕ್ಕೆ ಯಜಮಾನನ ಬಾಗಿಲಿಗೆ ಹೋಗಿ ಕೆನೆಯಿತು. ಅವನು ಅದನ್ನು 'ಫೋಸ್ತ್ರಿ' ಎಂದು ಕರೆದು ಸಮಾಧಾನ ಹೇಳಿದ. ಸಾಕಿ ಬೆಳೆಸಿದ ಸಂಬಂಧಕ್ಕೆ ಅವರು ಬಳಸುವ ಪದ ಅದು. ಮರುದಿನ ಕೊಡಲಿಯಿಂದ ಐನಾರ್‌ನನ್ನು ಕೊಂದ.

ಪ್ರೀತಿ ಇತ್ತಾ ಅಂದರೆ, ಇತ್ತು. ಜಾಸ್ತಿಯೇ ಇತ್ತು. ಆಳುಮಗನಿಗೆ ಅದರಲ್ಲಿ ಪಾಲು ಇರಲಿಲ್ಲ, ಅಷ್ಟೇ.

ಹುಡುಗನ ಅಪ್ಪ ನ್ಯಾಯ ಕೇಳಲು ಬಂದ. ಹ್ರಾಫ್ನ್‌ಕೆಲ್ ನಿಜಕ್ಕೂ ಮರುಗಿದ. ಬೇಸಿಗೆಗೆ ಕರೆಯುವ ಹಸು, ಚಳಿಗಾಲದ ಮುಂಚೆ ಮಾಂಸ, ನೀನಿರುವ ತನಕ ಕೊಡುತ್ತೇನೆ ಅಂದ.

ಅಪ್ಪ ಬೇಡ ಅಂದ. ಬೇರೆಯವರು ಕೂತು ತೀರ್ಮಾನ ಮಾಡಲಿ ಅಂದ.