ಅಷ್ಟು ರೊಟ್ಟಿಯನ್ನು ಯಾರು ಮಾಡುತ್ತಾರೆ?

ನಾನು ಕೊಪ್ಪಳ ಜಿಲ್ಲೆಯವಳು ಎಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು: "ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ರೊಟ್ಟಿ ಬರುತ್ತವಂತಲ್ಲ, ಅವನ್ನೆಲ್ಲ ಯಾರು ಮಾಡುತ್ತಾರೆ? ಕೂಲಿ ಯಾರು ಕೊಡುತ್ತಾರೆ?"

ಜಾತ್ರೆಯನ್ನು ನೋಡದವರಿಗಾಗಿ ಎರಡು ಮಾತು. ಪುಷ್ಯ ಬಹುಳ ಬಿದಿಗೆಯಂದು, ಸಾಮಾನ್ಯವಾಗಿ ಜನವರಿಯಲ್ಲಿ, ಕೊಪ್ಪಳದಲ್ಲಿ ಗವಿಸಿದ್ಧೇಶ್ವರರ ರಥೋತ್ಸವ ನಡೆಯುತ್ತದೆ. ಲಕ್ಷಾಂತರ ಜನ ಸೇರುತ್ತಾರೆ, ಬಂದವರಿಗೆಲ್ಲ ದಾಸೋಹದಲ್ಲಿ ಊಟವಿರುತ್ತದೆ. ರೊಟ್ಟಿ, ಮಾದಲಿ, ದವಸ ಧಾನ್ಯ, ತರಕಾರಿ, ಕಟ್ಟಿಗೆ ಎಲ್ಲವೂ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್, ಎತ್ತಿನ ಗಾಡಿಗಳಲ್ಲಿ ಬರುತ್ತವೆ.

ನನ್ನ ಉತ್ತರ: ಕೂಲಿ ಇಲ್ಲ. ಮಾಡುವವರು ಹಳ್ಳಿಗಳ ಹೆಂಗಸರು. ಇಷ್ಟು ಹೇಳಿದರೆ ಕೇಳಿದವರು "ಭಕ್ತಿ ದೊಡ್ಡದು" ಎಂದು ಸುಮ್ಮನಾಗುತ್ತಾರೆ. ಭಕ್ತಿ ಇದೆ, ನನ್ನಲ್ಲೂ ಇದೆ. ಆದರೆ ಭಕ್ತಿ ಇದ್ದಲ್ಲೆಲ್ಲ ಇಂಥ ಕೆಲಸ ಆಗುವುದಿಲ್ಲ. ಇಲ್ಲಿ ಆಗುವುದಕ್ಕೆ ಕಾರಣ, ಯಾರೊಬ್ಬರ ಮೇಲೂ ಭಾರ ಬೀಳದಂತೆ ಅದು ಹಂಚಿಹೋಗುವ ರೀತಿ. ಅದನ್ನು ನಾವು ಕಲಿತದ್ದು ಹೊಲದಲ್ಲಿ. ಕಳೆ ತೆಗೆಯುವಾಗ, ರಾಶಿ ಮಾಡುವಾಗ ಇಂದು ನಮ್ಮ ಹೊಲಕ್ಕೆ ಅವರು ಬಂದರೆ ನಾಳೆ ಅವರ ಹೊಲಕ್ಕೆ ನಾವು ಮುಯ್ಯಾಳಾಗಿ ಹೋಗುತ್ತೇವೆ. ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಕೈಗಳಿವೆ, ಯಾರಿಗೆ ಈ ವರ್ಷ ಬೆಳೆ ಕೈಕೊಟ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಜಾತ್ರೆ ಹತ್ತಿರ ಬಂದಾಗ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡುತ್ತಾರೆ. ಮನೆಗೆ ಇಷ್ಟು ಎಂದು ಜೋಳ ಎತ್ತುತ್ತಾರೆ. ಕೊಡಲಾಗದವರಿಗೆ ಒತ್ತಾಯವಿಲ್ಲ; ಅವರು ರೊಟ್ಟಿ ಬಡಿಯಲು ಬರುತ್ತಾರೆ, ಇಲ್ಲವೇ ಕಟ್ಟಿಗೆ ತರುತ್ತಾರೆ. ಗಿರಣಿಯವರು ಬೀಸಲು ದುಡ್ಡು ತೆಗೆದುಕೊಳ್ಳುವುದಿಲ್ಲ. ಕಾಲವೂ ಕೂಡಿಬರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆ ಅರ್ಪಿಸಿ, ಬಂದ ಮೇಲೆ ಎರೆ ಹೊಲದಲ್ಲಿ ಹಕ್ಕಿ ಕಾಯುವುದನ್ನು ಬಿಟ್ಟರೆ ದೊಡ್ಡ ಕೆಲಸವಿಲ್ಲ. ಹೊಸ ಬಿಳಿಜೋಳ ಇನ್ನೂ ತೆನೆಯಲ್ಲೇ ಇರುತ್ತದೆ, ಅದು ಸೀತನಿ, ಅಂದರೆ ಸುಟ್ಟ ಎಳೆಯ ಜೋಳದ ಕಾಳು, ತಿನ್ನುವ ಹೊತ್ತು. ಆದ್ದರಿಂದ ಜಾತ್ರೆಗೆ ಕೊಡುವುದು ಹಳೆಯ ಜೋಳ, ಮನೆಯ ಉಣಿಸಿಗೆಂದು ತೆಗೆದಿಟ್ಟದ್ದು. ಮಳೆಯನ್ನೇ ನೆಚ್ಚಿದ ನಾಡಿನಲ್ಲಿ ಮುಂದಿನ ರಾಶಿಯನ್ನು ಕಾಣುವ ಮೊದಲೇ ಚೀಲದ ಬಾಯಿ ಬಿಚ್ಚುವುದು ಸಣ್ಣ ಮಾತಲ್ಲ. ಹೊರಗಿನವರು ಇದನ್ನು ಗಮನಿಸುವುದಿಲ್ಲ ಎಂಬುದು ನನಗೆ ಬೇಸರ.

ಇನ್ನು ರೊಟ್ಟಿಯ ಕೆಲಸ. ಬೆಳಗಿನ ಚಳಿಯಲ್ಲೇ ಸಾಲಾಗಿ ಒಲೆ ಹೂಡುತ್ತಾರೆ. ಹಿಟ್ಟಿಗೆ ಕುದಿಯುವ ಎಸರು ಹೊಯ್ದು, ಕೈ ಸುಡುವಾಗಲೇ ನಾದಬೇಕು. ಆರಿದರೆ ಬಡಿಯುವಾಗ ಅಂಚು ಬಿರಿಯುತ್ತದೆ. ತೆಳ್ಳಗೆ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಬೇಕು. ಮನೆಯ ಊಟಕ್ಕಾದರೆ ಅಲ್ಲಿಗೆ ಮುಗಿಯಿತು. ಜಾತ್ರೆಯದು ಖಡಕ್ ರೊಟ್ಟಿ, ಬೆಂದ ಮೇಲೂ ಕೆಂಡದ ಪಕ್ಕ ನಿಲ್ಲಿಸಿ ಪಸೆ ಆರುವವರೆಗೂ ಒಣಗಿಸಬೇಕು. ಒಂದರಲ್ಲಿ ತೇವ ಉಳಿದರೆ ಇಡೀ ಅಡಕಿಲಿಗೆ ಬೂಷ್ಟು ಹಿಡಿಯುತ್ತದೆ. ನಮ್ಮೂರಿನ ಒಬ್ಬ ಅಜ್ಜಿ ರೊಟ್ಟಿಯನ್ನು ಬೆರಳಿನಿಂದ ಬಾರಿಸಿ, ಸದ್ದು ಕೇಳಿ, "ಇದು ಇನ್ನೂ ಹಸಿ ಐತಿ, ತಂಗಿ" ಎಂದು ಹಿಂದಕ್ಕೆ ಕೊಡುತ್ತಾರೆ. ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ.

ಈ ಅಜ್ಜಿಯ ಹೆಸರು ಯಾವ ಬ್ಯಾನರಿನಲ್ಲೂ ಇಲ್ಲ. ಟ್ರ್ಯಾಕ್ಟರ್ ಕೊಟ್ಟವರ, ಎಣ್ಣೆ ಡಬ್ಬ ಕೊಟ್ಟವರ ಹೆಸರು, ಚಿತ್ರ ಎಲ್ಲ ಇರುತ್ತವೆ. ಕೇಳಿದರೆ ಹೆಂಗಸರೇ "ನಮಗೆ ಯಾತಕ್ಕೆ ಹೆಸರು" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಕೂತವರನ್ನು ಊರಿನ ಸಭೆಯಲ್ಲಿ ಮುಂದೆ ಕೂರಿಸಬೇಕು, ಮುಂದಿನ ವರ್ಷದ ಲೆಕ್ಕವನ್ನು ಅವರ ಎದುರೇ ಹಾಕಬೇಕು.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ದೇವರ ಹೆಸರಿಗೆ ಬರುವ ಜನ ಊರ ಕೆಲಸಕ್ಕೂ ಬರುತ್ತಾರೆಯೇ? ಬರುತ್ತಾರೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ನಮ್ಮ ಜಿಲ್ಲೆಯ ಹಿರೇಹಳ್ಳದ ಸ್ವಚ್ಛತೆಗೆ ತಾವೇ ಕೆಸರಿಗೆ ಇಳಿದರು. ಜಾಲಿ, ಆಪು, ಹೂಳು ತುಂಬಿ ಹಳ್ಳ ಎಲ್ಲಿದೆ ಎಂದೇ ತಿಳಿಯದಂತಾಗಿತ್ತು. ಕೆಲವರು ಯಂತ್ರ ಕೊಟ್ಟರು, ಕೆಲವರು ಡೀಸೆಲ್‌ಗೆ ದುಡ್ಡು ಕೊಟ್ಟರು, ಏನೂ ಇಲ್ಲದವರು ಕುಡಗೋಲು ಹಿಡಿದು ಬಂದರು. ಇಪ್ಪತ್ತು ಕಿಲೋಮೀಟರಿಗೂ ಉದ್ದದ ಪಾತ್ರ ಹಾಗೆ ಬಯಲಾಯಿತು. ಅದೂ ರೊಟ್ಟಿಯ ಲೆಕ್ಕವೇ: ಇದ್ದವರು ಇದ್ದದ್ದನ್ನು ಕೊಟ್ಟರು. ಆದರೆ ಜಾಲಿ ಮತ್ತೆ ಚಿಗುರುವ ಗಿಡ. ಹಳ್ಳ, ಕೆರೆಗಳಿಗೂ ಜಾತ್ರೆಯಂತೆ ವರ್ಷಕ್ಕೊಂದು ಗೊತ್ತಾದ ದಿನ ಇರಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

"ನಾವೂ ಏನಾದರೂ ಮಾಡಬಹುದೇ?" ಎನ್ನುವವರಿಗೆ: ಖಂಡಿತ ಬನ್ನಿ. ತೇರಿನ ದಿನ ಕೈಗಳಿಗೆ ಕೊರತೆಯಿಲ್ಲ. ರಥೋತ್ಸವ ಮುಗಿದ ಮೇಲೂ ದಾಸೋಹ ಹಲವು ದಿನ ನಡೆಯುತ್ತದೆ. ಪಾತ್ರೆ ತೊಳೆಯಲು, ಬಡಿಸಲು, ಕಸ ಎತ್ತಲು ಜನ ಬೇಕಾಗುವುದು ಆಗ.