ಪಿಪಿಟೀಲಿ ಅರ್ಥ ಆಗಿತ್ತಂತೆ

2024 ನವೆಂಬರ್ 19, ಮಂಗಳವಾರ

ಇವತ್ತು ಹತ್ತನೇ ಕ್ಲಾಸಿಗೆ ಪೀನ ಮಸೂರ, ಅಂದ್ರೆ ನಡುವೆ ಉಬ್ಬಿರೋ ಗಾಜಿನ ಪಾಠ. ಸ್ಮಾರ್ಟ್ ಕ್ಲಾಸ್ ರೂಮೂ ಖಾಲಿ ಇತ್ತು, ಕರೆಂಟೂ ಇತ್ತು, ಎರಡೂ ಒಟ್ಟಿಗೆ ಕೂಡಿ ಬರೋದು ಅಪರೂಪ, ಅದಕ್ಕೆ ಮಕ್ಕಳನ್ನ ಅಲ್ಲಿಗೇ ಕರ್ಕೊಂಡು ಹೋದೆ. ಟೀಚರ್ಸ್ ಗ್ರೂಪಲ್ಲಿ ಯಾರೋ ಹಾಕಿದ್ದ ಪಿಪಿಟಿ (ಪವರ್‌ಪಾಯಿಂಟ್ ಸ್ಲೈಡುಗಳ ಫೈಲು) ಓಪನ್ ಮಾಡಿದ್ರೆ ಕನ್ನಡ ಇರಬೇಕಾದ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಏನೇನೋ ಗುರುತು. ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದು. ಅವು ಒಳಗೊಳಗೆ ಇಂಗ್ಲಿಷ್ ಅಕ್ಷರದ ಕೋಡನ್ನೇ ಇಟ್ಕೊಂಡು ಮೇಲೆ ಮಾತ್ರ ಕನ್ನಡದ ವೇಷ ಹಾಕಿರುತ್ವೆ, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ತಕ್ಷಣ ಬಣ್ಣ ಬಯಲು. ದಯವಿಟ್ಟು ಯುನಿಕೋಡಲ್ಲಿ (ಎಲ್ಲಾ ಕಂಪ್ಯೂಟರಿಗೂ ಗೊತ್ತಿರೋ ಕೋಡು) ಟೈಪ್ ಮಾಡ್ರಪ್ಪಾ, ಇಲ್ಲಾಂದ್ರೆ ಪಿಡಿಎಫ್ ಆದ್ರೂ ಮಾಡಿ ಕಳ್ಸಿ, ಅನಿಮೇಶನ್ ಹೋದ್ರೂ ಅಕ್ಷರ ಉಳಿಯುತ್ತೆ.

ಪುಣ್ಯಕ್ಕೆ ಚಿತ್ರಗಳು ನೆಟ್ಟಗಿದ್ವು. ವಸ್ತು 2ಎಫ್1 ನಿಂದ (ಸಮಾಂತರ ಕಿರಣ ಸೇರೋ ಸಂಗಮ ಬಿಂದು ಮಸೂರದಿಂದ ಎಷ್ಟು ದೂರವೋ ಅದರ ಎರಡರಷ್ಟು ದೂರದ ಜಾಗ) ಆಚೆ ಇದ್ದಾಗ ಅಂತ ಒಂದು ಕ್ಲಿಕ್, ಕಿರಣ, ಬಾಣ, ತಲೆಕೆಳಗಾದ ಚಿಕ್ಕ ಪ್ರತಿಬಿಂಬ ಎಲ್ಲಾ ಒಂದೇ ಏಟಿಗೆ ಪರದೆ ಮೇಲೆ. ಅರ್ಥ ಆಯ್ತಾ ಅಂದ್ರೆ "ಆಯ್ತು ಮಿಸ್" ಅಂತ ಒಕ್ಕೊರಲು. ಅಷ್ಟು ಜೋರಾಗಿ ಆಯ್ತು ಅಂದ್ರೇನೇ ನಂಗೆ ಅನುಮಾನ. ಕೀಬೋರ್ಡಲ್ಲಿ ಬಿ ಒತ್ತಿದೆ, ಪರದೆ ಕಪ್ಪಾಯ್ತು (ಸ್ಲೈಡ್ ಶೋ ನಡೀತಿರುವಾಗ ಬಿ ಒತ್ತಿದ್ರೆ ಕಪ್ಪು, ಮತ್ತೆ ಒತ್ತಿದ್ರೆ ವಾಪಸ್, ಎಷ್ಟೋ ಜನ ಇದು ಗೊತ್ತಿಲ್ದೆ ಪ್ರೊಜೆಕ್ಟರ್ ಮುಂದೆ ಪುಸ್ತಕ ಅಡ್ಡ ಹಿಡೀತಾರೆ). ಮುಂದಿನ ಬೆಂಚಿನ ಹುಡುಗಿನ ಕರ್ದು ಈಗ ನೋಡಿದ್ದನ್ನೇ ಬೋರ್ಡ್ ಮೇಲೆ ಬರಿ ಅಂದೆ. ಅಕ್ಷಕ್ಕೆ (ಮಸೂರದ ನಡುವೆ ಹಾದು ಹೋಗೋ ಅಡ್ಡಗೆರೆ) ಸಮಾಂತರವಾಗಿ ಬಂದ ಕಿರಣನ ಮಸೂರದ ಒಳಗಿಂದ ಬಗ್ಗಿಸ್ದೇನೇ ಸೀದಾ ಆಚೆ ಕಳಿಸಿಬಿಟ್ಳು. ಯಾರೂ ತಪ್ಪು ಅನ್ಲಿಲ್ಲ!

ಆಮೇಲೆ ಸ್ಕೇಲು ಸೀಮೆಸುಣ್ಣ ತಗೊಂಡು ನಾನು ಒಂದೊಂದೇ ಗೆರೆ ಎಳೀತಾ ಹೋದೆ, ಅವರೂ ನೋಟ್ಸಲ್ಲಿ ಜೊತೆಜೊತೆಗೆ. ಸಮಾಂತರ ಕಿರಣ ಎಫ್2 (ಆಚೆ ಕಡೆಯ ಸಂಗಮ ಬಿಂದು) ಮೂಲಕ, ದೃಕ್ ಕೇಂದ್ರದ (ಮಸೂರದ ನಟ್ಟನಡುವಿನ ಬಿಂದು) ಕಿರಣ ನೇರ, ಎರಡೂ ಸೇರಿದ ಕಡೆ ಪ್ರತಿಬಿಂಬ. ಅರ್ಧಕ್ಕೆ ಬಂದಾಗ ಹಿಂದಿನಿಂದ ಒಬ್ಬ, "ಮಿಸ್, ಗಾಜಿಗೆ ಎರಡು ಕಡೆ ಮೈ ಇದೆಯಲ್ಲ, ನೀವ್ಯಾಕೆ ನಡುವೆ ಒಂದೇ ಸಲ ಬಗ್ಗಿಸಿದ್ರಿ?" ಅಂದ. ಹೌದು, ಬೆಳಕು ನಿಜಕ್ಕೂ ಒಳಗೆ ಹೋಗ್ವಾಗ ಒಂದ್ಸಲ, ಹೊರಗೆ ಬರುವಾಗ ಇನ್ನೊಂದ್ಸಲ ಬಾಗುತ್ತೆ, ಮಸೂರ ತೆಳ್ಳಗಿದೆ ಅಂತ ನಾವು ಚಿತ್ರದಲ್ಲಿ ನಡುಗೆರೇಲಿ ಒಂದೇ ಸಲ ಬಗ್ಗಿಸ್ತೀವಿ. ಸ್ಲೈಡಲ್ಲೂ ಹಾಗೇ ಇತ್ತು, ಆಗ ಒಬ್ಬರೂ ಕೇಳಿರ್ಲಿಲ್ಲ, ಗೆರೆ ಎಳೆಯೋ ಕೈ ಅಲ್ಲಿ ನಿಂತು ತಿರುಗಿದ್ದು ಕಂಡಾಗ್ಲೇ ಪ್ರಶ್ನೆ ಬಂದಿದ್ದು. ಪಬ್ಲಿಕ್ ಪರೀಕ್ಷೇಲೂ ಇದನ್ನ ಪೆನ್ಸಿಲ್ ಹಿಡಿದು ಬರೀಬೇಕಲ್ವಾ.

ಹಾಗಂತ ಪ್ರೊಜೆಕ್ಟರ್ ಮೂಲೆಗೆ ಹಾಕಿ ಅಂತಿಲ್ಲ. ಕೊನೆ ಹತ್ತು ನಿಮಿಷ ಕೊಲೊರಾಡೊ ಯೂನಿವರ್ಸಿಟಿಯವರ ಫೆಟ್ ಸಿಮ್ಯುಲೇಶನ್ (ಪರದೆ ಮೇಲೇ ಎಳೆದಾಡಿ ನೋಡೋ ಪ್ರಯೋಗ) ಹಾಕಿ ವಸ್ತುನ ಎಳೆದು ಎಳೆದು ಮಸೂರದ ಹತ್ರ ತಂದೆ, ಪ್ರತಿಬಿಂಬ ದೊಡ್ಡದಾಗ್ತಾ ದೂರ ಹೋಗಿ, ಸಂಗಮ ಬಿಂದು ದಾಟಿದ ಕೂಡ್ಲೆ ಇತ್ಲಾಗೆ ಬಂದು ನೆಟ್ಟಗೆ ನಿಂತ್ಕೊಳ್ತು. ಕ್ಲಾಸೆಲ್ಲ ಕೂಗು. ಸೀಮೆಸುಣ್ಣದಲ್ಲಿ ಈ ಚಲನೆ ಎಲ್ಲಿಂದ ತರ್ಲಿ? ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಂಡ್ರೆ ಇದಕ್ಕೆ ನೆಟ್ಟೂ ಬೇಡ.

ತಲೆನೋವು ಅಂದ್ರೆ ಸ್ಲೈಡಲ್ಲಿ ಒಂದು ತಲೆಬರಹ, ಕೆಳಗೆ ಐದು ಚುಕ್ಕಿ, ಚುಕ್ಕಿ ಮುಂದೆ ಪಠ್ಯಪುಸ್ತಕದ ಸಾಲು, ಆ ನಮೂನೆ. ಪವರ್‌ಪಾಯಿಂಟ್ 1987ರಲ್ಲಿ ಮೊದ್ಲು ಮ್ಯಾಕಿಂಟಾಷ್‌ಗೆ ಬಂದಾಗ ಅದನ್ನ ಮಾಡಿದ್ದು ಆಫೀಸ್ ಮೀಟಿಂಗಲ್ಲಿ ಮಾತಾಡೋರಿಗೆ, ನಮ್ಮ ಎಂಟನೇ ಕ್ಲಾಸಿಗಲ್ಲ. ಟೀಚರ್ ಸ್ಲೈಡ್ ಓದ್ತಾರೆ, ಮಕ್ಕಳು "ಮಿಸ್ ನೆಕ್ಸ್ಟ್ ಹಾಕ್ಬೇಡಿ, ಬರ್ಕೊಂಡಿಲ್ಲ" ಅಂತಾರೆ, ಅಲ್ಲಿಗೆ ಅದು ಕರೆಂಟ್ ತಿನ್ನೋ ಡಿಕ್ಟೇಶನ್. ಫೋಟೋ ತೆಗೆದು ಗ್ರೂಪಿಗೆ ಹಾಕೋಕೆ ಮಾತ್ರ ಚೆನ್ನಾಗಿರುತ್ತೆ.

ಸಂಜೆ ಕೂತು ಆ ಪಿಪಿಟೀನ ಬಿಚ್ಚಿದೆ. ಪ್ರತಿ ಕಿರಣಕ್ಕೂ ಬೇರೆ ಬೇರೆ ವೈಪ್ ಅನಿಮೇಶನ್ (ಗೆರೆ ಒಂದು ತುದಿಯಿಂದ ಮೆಲ್ಲಗೆ ಮೂಡೋದು), ಎಡದಿಂದ ಬಲಕ್ಕೆ, ಒಂದು ಕ್ಲಿಕ್ಕಿಗೆ ಒಂದೇ ಗೆರೆ, ಪ್ರತಿಬಿಂಬದ ಜಾಗ ಖಾಲಿ, ಅದನ್ನ ಮಕ್ಕಳೇ ಹೇಳ್ಬೇಕು. ಕನ್ನಡ ಎಲ್ಲಾ ಮತ್ತೆ ಟೈಪ್ ಮಾಡೋಷ್ಟರಲ್ಲಿ ಒಲೆ ಮೇಲಿನ ಸಾರು ಎರಡು ಸಲ ಉಕ್ಕಿತು. ನಾಳೆ ನಿಮ್ನ ಮಸೂರ (ನಡುವೆ ತಗ್ಗಿರೋದು), ಅದಕ್ಕೆ ಎರಡೇ ಚಿತ್ರ, ಬೋರ್ಡೇ ಸಾಕು, ಸ್ಮಾರ್ಟ್ ಕ್ಲಾಸ್ ರೂಮ್ ಸಮಾಜದ ಮೇಷ್ಟ್ರಿಗೆ ಬಿಟ್ಟಿದೀನಿ.